ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿಗೆ ಬಾಡಿಗೆಗೆ ಹೋಗುವ ಮುಂಚೆ ಏನೇನು ನೋಡಬೇಕು? ಇದ್ದು ನೋಡಿದವರು ಹೇಳಿ

ಪ್ರಶ್ನೆ ಕೇಳಿದವರು

ನಮಸ್ಕಾರ. ನಾವು ಇಷ್ಟು ವರ್ಷ ಬಿಡಿ ಮನೆಗಳಲ್ಲೇ ಬಾಡಿಗೆಗೆ ಇದ್ದವರು. ಮಾಲೀಕರು ಕೆಳಗೆ, ನಾವು ಮೇಲೆ. ನಲ್ಲಿ ಸೋರಿದರೆ ಮೆಟ್ಟಿಲಿಳಿದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಈಗ ಮೊದಲ ಸಲ ದೊಡ್ಡ ಕಾಂಪ್ಲೆಕ್ಸಿಗೆ ಹೋಗುವ ಯೋಚನೆ. ಗೇಟು, ಸೆಕ್ಯೂರಿಟಿ, ಲಿಫ್ಟು, ಮ್ಯಾನೇಜರ್ ಆಫೀಸು ಎಲ್ಲ ಇದೆ. ಅಲ್ಲಿ ಎರಡು ಮನೆ ನೋಡಿದ್ದೇವೆ. ಒಂದು ಎರಡನೇ ಮಹಡಿ, ಇನ್ನೊಂದು ಕೊನೇ ಮಹಡಿ. ಜೊತೆಗೆ ಅಮ್ಮ ಇರುತ್ತಾರೆ, ಅವರಿಗೆ ಮಂಡಿನೋವು. ಚಿಕ್ಕ ಮಗುವೂ ಇದೆ. ಮನೆ ತೋರಿಸಿದವರು ಏನು ಕೇಳಿದರೂ "ಅದನ್ನೆಲ್ಲ ಮ್ಯಾನೇಜ್‌ಮೆಂಟ್ ನೋಡಿಕೊಳ್ಳುತ್ತೆ ಬಿಡಿ" ಅಂತಾರೆ. ಅಲ್ಲೇ ನನಗೆ ಅನುಮಾನ. ಇಂಥ ಕಡೆ ಬಾಡಿಗೆಗೆ ಇದ್ದವರು ದಯವಿಟ್ಟು ಹೇಳಿ. ಏನು ಕೇಳಬೇಕು, ಏನು ನೋಡಬೇಕು, ಯಾವುದಕ್ಕೆ ಜಗಳ ಆಗುತ್ತೆ?

ಹಳೇ ಬಾಡಿಗೆದಾರ

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಮೊದಲು ಆ ಮ್ಯಾನೇಜ್‌ಮೆಂಟ್ ಯಾರ ಕಡೆಯದು ಅಂತ ತಿಳಿದುಕೊಳ್ಳಿ.

ಕಾಂಪ್ಲೆಕ್ಸುಗಳಲ್ಲಿ ಎರಡು ಬಗೆ. ಕೆಲವು ಕಡೆ ಇಡೀ ಕಟ್ಟಡ ಒಂದೇ ಕಂಪನಿಯದ್ದು, ಎಲ್ಲ ಮನೆಯೂ ಬಾಡಿಗೆಗೇ. ಅಲ್ಲಿ ಆಫೀಸಿನವರು ಮಾಲೀಕರ ಕಡೆಯವರೇ. ನಲ್ಲಿ ಕೆಟ್ಟರೂ ಲಿಫ್ಟ್ ಕೆಟ್ಟರೂ ಅದೇ ಕಿಟಕಿಯಲ್ಲಿ ಹೇಳಿದರೆ ಆಯಿತು. ಇನ್ನು ಕೆಲವು ಕಡೆ ಒಂದೊಂದು ಮನೆಗೆ ಒಬ್ಬೊಬ್ಬ ಮಾಲೀಕ. ಅವರೆಲ್ಲ ಸೇರಿ ಅಸೋಸಿಯೇಷನ್. ಅಸೋಸಿಯೇಷನ್ ದುಡ್ಡು ಕೊಟ್ಟು ಇಟ್ಟುಕೊಂಡಿರುವ ನಿರ್ವಹಣೆ ಕಂಪನಿ ಇನ್ನೊಂದು. ಇಲ್ಲಿ ಬಾಡಿಗೆದಾರನಿಗೂ ಆ ಕಂಪನಿಗೂ ನೇರವಾಗಿ ಯಾವ ಒಪ್ಪಂದವೂ ಇರೋದಿಲ್ಲ. ಮ್ಯಾನೇಜರ್ ಉತ್ತರ ಕೊಡಬೇಕಾಗಿರೋದು ಅಸೋಸಿಯೇಷನ್‌ಗೆ, ನಮಗಲ್ಲ. ಇದು ಗೊತ್ತಿಲ್ಲದಿದ್ದರೆ ಸುಮ್ನೆ ಮ್ಯಾನೇಜರ್ ಮೇಲೆ ರೇಗಾಡಿಕೊಂಡು ಕೂರಬೇಕು, ಕೆಲಸ ಮಾತ್ರ ಆಗೋದಿಲ್ಲ.

ಸಾಮಾನ್ಯವಾಗಿ ಮುಂಬಾಗಿಲಿನ ಒಳಗಿರೋದು ಮಾಲೀಕರ ತಲೆಗೆ, ಹೊರಗಿರೋದು ಅಸೋಸಿಯೇಷನ್ ತಲೆಗೆ. ಜಗಳ ಹುಟ್ಟೋದು ಗೋಡೆಯ ಒಳಗೆ, ಸೀಲಿಂಗ್ ಮೇಲೆ. ನಮ್ಮ ಬಚ್ಚಲಿನ ಸೀಲಿಂಗಿನಲ್ಲಿ ಒದ್ದೆ ಕಲೆ ಬಂತು. ಆಮೇಲೆ ತೊಟ್ಟಿಕ್ಕಲು ಶುರುವಾಯಿತು. ನಮ್ಮ ಮಾಲೀಕರು ಮೇಲಿನವರನ್ನು ಕೇಳಿ ಅಂದರು. ಮೇಲಿನವರು, ಅವರೂ ಬಾಡಿಗೆಯವರೇ, ಆಫೀಸನ್ನು ಕೇಳಿ ಅಂದರು. ಆಫೀಸಿನವರು ಮನೆಯೊಳಗಿನ ವಿಷಯ ನಮ್ಮದಲ್ಲ ಅಂದರು. ನಾವು ಬಕೆಟ್ ಇಟ್ಟುಕೊಂಡು ಕೂತೆವು.

ಕೊನೆಗೆ ಒಬ್ಬ ಹಳೇ ಪ್ಲಂಬರ್ ಬಂದು ತಂಟೆ ಮುಗಿಸಿದರು. ಅವರು ಮಾಡಿದ್ದು ಹೀಗೆ. ಮೊದಲು ಮೇಲಿನ ಮನೆಯ ನೀರಿನ ವಾಲ್ವ್ ಮುಚ್ಚಿಸಿದರು. ತೊಟ್ಟಿಕ್ಕೋದು ನಿಂತಿದ್ದರೆ ನೀರು ತರುವ ಪೈಪಿನಲ್ಲೇ ತೂತು ಅಂತ ಅರ್ಥ, ಯಾಕಂದರೆ ಅದರಲ್ಲಿ ಯಾವಾಗಲೂ ಒತ್ತಡ ಇರುತ್ತೆ. ನಿಲ್ಲಲಿಲ್ಲ. ಆಮೇಲೆ ಬಣ್ಣದ ನೀರು ಕಲಸಿ ಜಾಲಿಯೊಳಗೆ ನೇರವಾಗಿ ಸುರಿದರು. ಕೆಳಗೆ ಬಣ್ಣ ಕಾಣಲಿಲ್ಲ, ಹಾಗಾಗಿ ಕೊಳಚೆ ಪೈಪೂ ಅಲ್ಲ. ಕಡೆಗೆ ಜಾಲಿಗೆ ಬಟ್ಟೆ ತುರುಕಿ, ಬಚ್ಚಲಿನ ನೆಲದ ಮೇಲೆ ಬಣ್ಣದ ನೀರು ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ನಮ್ಮ ಸೀಲಿಂಗಿನಲ್ಲಿ ಬಣ್ಣ ಇಳಿಯಿತು. ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಹೋಗಿದೆ, ಅದು ಮೇಲಿನ ಮನೆಯ ಮಾಲೀಕರ ಖರ್ಚು ಅಂತ ಆಯಿತು. ಪ್ಲಂಬರ್ ಕೈಲಿ ಅದನ್ನೇ ಒಂದು ಚೀಟಿಯಲ್ಲಿ ಬರೆಸಿಕೊಂಡು, ಫೋಟೋ ಸಮೇತ ಮೂರೂ ಕಡೆ ಕಳಿಸಿದೆ. ಆಮೇಲೆ ಯಾರೂ ಇನ್ನೊಬ್ಬರ ಕಡೆ ಕೈ ತೋರಿಸಲಿಲ್ಲ.

ಅದಕ್ಕೇ ಹೇಳೋದು, ಅಗ್ರಿಮೆಂಟಿನಲ್ಲಿ ಒಂದು ಸಾಲು ಹಾಕಿಸಿ. ಗೋಡೆ, ಸೀಲಿಂಗ್, ಒಳಪೈಪುಗಳ ಸೋರಿಕೆ ಮಾಲೀಕರ ಹೊಣೆ, ತಿಳಿಸಿದ ಇಷ್ಟು ದಿನದೊಳಗೆ ಸರಿಮಾಡಿಸಬೇಕು ಅಂತ. ಅದು ಬಾಯಿಮಾತಿನಲ್ಲಿ ಉಳಿದರೆ ಉಪಯೋಗಕ್ಕೆ ಬರೋದಿಲ್ಲ.

ಕೊನೇ ಮಹಡಿಯವಳು

ಕೊನೇ ಮಹಡಿಯಲ್ಲಿ ನಾನಿದ್ದೇನೆ, ಅದರ ಸುಖ ದುಃಖ ಹೇಳ್ತೀನಿ.

ಸುಖ ಏನಂದರೆ ತಲೆ ಮೇಲೆ ಯಾರೂ ಓಡಾಡೋದಿಲ್ಲ. ಗಾಳಿ ಬೆಳಕು ಚೆನ್ನಾಗಿರುತ್ತೆ.

ದುಃಖದಲ್ಲಿ ಮೊದಲನೆಯದು ಸೆಕೆ. ತಾರಸಿಯ ಕಾಂಕ್ರೀಟು ಹಗಲೆಲ್ಲ ಬಿಸಿಲು ಹೀರಿಕೊಂಡು ಸಂಜೆ ಮೇಲೆ ಒಳಗೆ ಬಿಡುತ್ತೆ. ಬೆಳಿಗ್ಗೆ ಹೋಗಿ ನೋಡಿದರೆ ತಣ್ಣಗೇ ಇರುತ್ತೆ, ಏನೂ ಗೊತ್ತಾಗೋದಿಲ್ಲ. ಬಿಸಿಲಿದ್ದ ದಿನ ಸಂಜೆ ಹೋಗಿ, ಸ್ಟೂಲ್ ಹತ್ತಿ ಸೀಲಿಂಗಿಗೆ ಅಂಗೈ ಇಟ್ಟು ನೋಡಿ. ತಾರಸಿಗೆ ಬಿಳಿ ಬಣ್ಣವನ್ನೋ ಬಿಸಿ ತಡೆಯುವ ಟೈಲ್ಸನ್ನೋ ಹಾಕಿದ್ದಾರಾ ಕೇಳಿ.

ಎರಡನೆಯದು ನೀರಿನ ರಭಸ. ಟ್ಯಾಂಕ್ ಮೇಲೇ ಇದೆ, ಕೊನೇ ಮಹಡಿಗೆ ನೀರು ಜೋರಾಗಿ ಬರುತ್ತೆ ಅಂದುಕೊಳ್ಳುವವರೇ ಜಾಸ್ತಿ. ಆಗೋದು ಉಲ್ಟಾ. ಟ್ಯಾಂಕಿನ ನೀರು ನಿಮ್ಮ ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತೆ. ಕೊನೇ ಮಹಡಿಗೆ ಆ ಎತ್ತರ ಎರಡು ಮೂರು ಮೀಟರ್ ಅಷ್ಟೇ. ನಲ್ಲಿಯಲ್ಲಿ ನೀರು ಬರುತ್ತೆ, ಶವರ್ ಸೊರಗುತ್ತೆ. ಕೆಲವು ಗೀಸರು, ವಾಷಿಂಗ್ ಮಷೀನುಗಳು ಅಷ್ಟು ಕಡಿಮೆ ಒತ್ತಡಕ್ಕೆ ಕೆಲಸವನ್ನೇ ಮಾಡೋದಿಲ್ಲ. ಮೇಲಿನ ಮಹಡಿಗಳಿಗೆ ಪ್ರೆಷರ್ ಪಂಪ್ ಇದೆಯಾ, ಕರೆಂಟ್ ಹೋದಾಗ ಅದು ಜನರೇಟರ್ ಮೇಲೆ ಓಡುತ್ತಾ ಕೇಳಿ. ಮನೆ ನೋಡುವಾಗಲೇ ಬಚ್ಚಲಿನ ಎರಡು ನಲ್ಲಿ ಒಟ್ಟಿಗೆ ಬಿಟ್ಟು, ಕಮೋಡ್ ಫ್ಲಷ್ ಮಾಡಿ ನೋಡಿ. ಯಾರು ಏನಂದುಕೊಂಡರೂ ಪರವಾಗಿಲ್ಲ.

ಮೂರನೆಯದು ತಾರಸಿ ಸೋರಿಕೆ. ಸೀಲಿಂಗಿನ ಒಂದು ಮೂಲೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿ.

ಇನ್ನು ಅಮ್ಮನ ವಿಷಯ. ಲಿಫ್ಟಿಗೆ ಪವರ್ ಬ್ಯಾಕಪ್ ಇದೆಯಾ ಅಂತ ಎಲ್ಲರೂ ಕೇಳ್ತಾರೆ. ಅದರ ಜೊತೆಗೆ, ಕರೆಂಟ್ ಹೋದಾಗ ಹತ್ತಿರದ ಮಹಡಿಗೆ ಬಂದು ತಾನಾಗಿ ಬಾಗಿಲು ತೆರೆಯುವ ವ್ಯವಸ್ಥೆ ಇದೆಯಾ ಅಂತಲೂ ಕೇಳಿ. ಎಆರ್‌ಡಿ ಅಂತಾರೆ ಅದಕ್ಕೆ. ಲಿಫ್ಟ್ ಒಂದೇ ಇದ್ದರೆ ರಿಪೇರಿ ದಿನ ಏನು ಗತಿ ಯೋಚಿಸಿ. ಬೆಂಕಿ ಬಿದ್ದರೆ ಲಿಫ್ಟ್ ಹತ್ತುವ ಹಾಗೇ ಇಲ್ಲ, ಮೆಟ್ಟಿಲೇ ಗತಿ. ಮಂಡಿನೋವು ಇರುವವರಿಗೆ ನಾನಾದರೆ ಎರಡನೇ ಮಹಡಿಯನ್ನೇ ಹೇಳ್ತೀನಿ. ನನಗೆ ಕೊನೇ ಮಹಡಿ ಇಷ್ಟ, ಅದು ಬೇರೆ ಮಾತು.

ರಾತ್ರಿ ಪಾಳಿ

ಎರಡನೇ ಮಹಡಿ ಅಂದ ಕೂಡಲೇ ಆ ಮನೆಯ ಮಲಗುವ ಕೋಣೆ ಯಾವುದಕ್ಕೆ ಅಂಟಿಕೊಂಡಿದೆ ನೋಡಿ ಅಂತೀನಿ. ನಾನು ಹಗಲು ಮಲಗುವವನು, ಸದ್ದಿನ ವಿಷಯದಲ್ಲಿ ಪಿಎಚ್‌ಡಿ ಆಗಿದೆ.

ಕೋಣೆಯ ಗೋಡೆಯ ಆಚೆ ಲಿಫ್ಟ್ ಓಡುವ ಗೂಡು ಇದೆಯಾ? ಕೆಳಗೆ ಪಂಪ್ ರೂಮ್, ಜನರೇಟರ್ ಇದೆಯಾ? ಕಿಟಕಿ ಗೇಟಿನ ಕಡೆಗಾ, ಮಕ್ಕಳ ಆಟದ ಜಾಗದ ಕಡೆಗಾ, ಕಸದ ಗಾಡಿ ನಿಲ್ಲುವ ಕಡೆಗಾ? ಮನೆ ತೋರಿಸುವವರು ಮಧ್ಯಾಹ್ನ ಕರೆದುಕೊಂಡು ಹೋಗ್ತಾರೆ, ಆಗ ಎಲ್ಲ ಶಾಂತ. ರಾತ್ರಿ 10ಕ್ಕೆ ಒಂದು ಸಲ, ಬೆಳಿಗ್ಗೆ 6ಕ್ಕೆ ಒಂದು ಸಲ ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಮಾತಾಡದೆ ನಿಲ್ಲಿ. ಒಳಗೆ ಬಿಡದಿದ್ದರೆ ಆ ಕಿಟಕಿಯ ಕೆಳಗಾದರೂ ನಿಲ್ಲಿ.

ಸದ್ದಿನಲ್ಲಿ ಎರಡು ತರಹ. ಪಕ್ಕದ ಮನೆಯ ಟಿವಿ, ಮಾತು ಗಾಳಿಯಲ್ಲಿ ಬರೋದು. ಬಾಗಿಲ ಸಂದಿ, ಕಿಟಕಿ ಸಂದಿ ಮುಚ್ಚಿದರೆ ಎಷ್ಟೋ ಕಡಿಮೆಯಾಗುತ್ತೆ. ಮೇಲಿನ ಮನೆಯವರ ಹೆಜ್ಜೆ, ಕುರ್ಚಿ ಎಳೆಯುವ ಸದ್ದು ಹಾಗಲ್ಲ. ಅದು ನೆಲಕ್ಕೆ ಬಿದ್ದ ಪೆಟ್ಟು, ಕಾಂಕ್ರೀಟಿನಲ್ಲೇ ಓಡುತ್ತೆ. ನೀವು ನಿಮ್ಮ ಸೀಲಿಂಗಿಗೆ ಥರ್ಮಾಕೋಲ್ ಅಂಟಿಸಿದರೆ ದುಡ್ಡು ದಂಡ. ಅದನ್ನು ಹುಟ್ಟುವ ಕಡೆಯೇ ತಡೆಯಬೇಕು. ಅಂದರೆ ಮೇಲಿನವರ ಕುರ್ಚಿ ಕಾಲಿಗೆ ಫೆಲ್ಟ್ ಬೊಟ್ಟು, ನೆಲಕ್ಕೆ ದಪ್ಪ ಜಮಖಾನೆ.

ಇದನ್ನು ಮೇಲಿನವರಿಗೆ ಹೇಳೋದು ಹೇಗೆ ಅನ್ನೋದೇ ಕಷ್ಟ. ಸದ್ದು ಆಗುತ್ತಿರುವಾಗ ಸಿಟ್ಟಿನಲ್ಲಿ ಹತ್ತಿ ಹೋಗಬೇಡಿ. ಇಂಟರ್‌ಕಾಮ್‌ನಲ್ಲಿ ಸೆಕ್ಯೂರಿಟಿ ಕೈಲಿ ಹೇಳಿಸೋದೂ ಬೇಡ, ಅವರಿಗೆ ಅವಮಾನ ಆಗುತ್ತೆ. ನಾನು ಒಂದು ರಜೆ ದಿನ ಹೋಗಿ, "ಒಂದು ಸಲ ಕೆಳಗೆ ಬಂದು ಕೇಳಿ ಸರ್, ನಿಮ್ಮ ಮನೆಯವರು ಮೇಲೆ ಮಾಮೂಲಿನಂತೆ ಓಡಾಡಲಿ" ಅಂತ ಕರೆದೆ. ಅವರು ಬಂದು ನಮ್ಮ ಹಾಲ್‌ನಲ್ಲಿ ನಿಂತರು. ಮೇಲೆ ಯಾರೋ ಊಟದ ಮೇಜಿನ ಕುರ್ಚಿ ಎಳೆದರು. ಅವರ ಮುಖ ನೋಡಬೇಕಿತ್ತು. "ಇಷ್ಟು ಕೇಳುತ್ತಾ?" ಅಂದರು. ಮಾರನೇ ದಿನ ಅವರೇ ಫೆಲ್ಟ್ ತಂದು ಅಂಟಿಸಿದರು. ಮಗುವಿನ ಓಟ ನಿಲ್ಲಲಿಲ್ಲ, ಮಗು ಅಲ್ವಾ, ಓಡಲಿ.

ಇನ್ನೊಂದು, ನಲ್ಲಿ ತಟ್ಟನೆ ನಿಲ್ಲಿಸಿದಾಗ ಗೋಡೆಯೊಳಗೆ ಧಡ್ ಅಂತ ಸದ್ದು ಬಂದರೆ ಹೆದರಬೇಡಿ. ಓಡುತ್ತಿದ್ದ ನೀರು ಒಮ್ಮೆಲೇ ನಿಂತು ಪೈಪಿಗೆ ಗುದ್ದುವ ಸದ್ದು ಅದು. ಆದರೆ ದಿನಾ ಆಗುತ್ತಿದ್ದರೆ ಹೇಳಿ ಸರಿಮಾಡಿಸಿ, ಪೈಪಿನ ಜಾಯಿಂಟುಗಳು ಸಡಿಲವಾಗುತ್ತವೆ.

ಕಮಿಟಿಯಲ್ಲಿದ್ದವನು

ನಾನು ಅಸೋಸಿಯೇಷನ್ ಕಮಿಟಿಯಲ್ಲೂ ಇದ್ದೆ, ಬೇರೆ ಕಡೆ ಬಾಡಿಗೆದಾರನಾಗಿಯೂ ಇದ್ದೇನೆ. ಎರಡೂ ಕಡೆಯಿಂದ ಹೇಳ್ತೀನಿ.

ಮನೆಗಿಂತ ಮುಂಚೆ ನಿರ್ವಹಣೆ ನೋಡಿ. ಮನೆಯೊಳಗಿನ ಬಣ್ಣ, ಕಪಾಟು ಹೇಗೂ ಕಣ್ಣಿಗೆ ಬೀಳುತ್ತವೆ. ಲಾಬಿ ನೋಡಿ ಮರುಳಾಗಬೇಡಿ, ಅಲ್ಲಿ ಗಿಡದ ಕುಂಡ ಇಟ್ಟು ನೆಲ ಹೊಳೆಸೋದು ಸುಲಭ. ಹಿಂದಿನ ಮೆಟ್ಟಿಲಲ್ಲಿ ಕೊನೇ ಮಹಡಿಯಿಂದ ನೆಲಮಾಳಿಗೆವರೆಗೆ ಇಳಿದು ಬನ್ನಿ. ಬಲ್ಬುಗಳು ಉರಿಯುತ್ತಿವೆಯಾ? ಬೆಂಕಿ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಾ, ಇಲ್ಲ ಇಟ್ಟಿಗೆ ಇಟ್ಟು ತೆರೆದಿದ್ದಾರಾ? ಮೆಟ್ಟಿಲ ಮೇಲೆ ಹಳೇ ಸೈಕಲ್ಲು, ಮುರಿದ ಕಪಾಟು ತುಂಬಿಸಿದ್ದಾರಾ? ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರು ಗೆರೆಯಲ್ಲಿ ಇದೆಯಾ, ಅದರ ಚೀಟಿಯ ಮೇಲೆ ತಪಾಸಣೆ ತಾರೀಖು ಯಾವುದು? ಲಿಫ್ಟಿನ ತಪಾಸಣೆ ಪತ್ರ ಹಳೆಯದಾಗಿದೆಯಾ? ಕಸದ ಕೋಣೆ ಹೇಗಿದೆ? ನೆಲಮಾಳಿಗೆಯ ಸೀಲಿಂಗಿನಲ್ಲಿ ನೀರು ತೊಟ್ಟಿಕ್ಕುತ್ತಾ? ಇಷ್ಟು ನೋಡೋದಕ್ಕೆ ಜಾಸ್ತಿ ಹೊತ್ತು ಬೇಡ. ದುಡ್ಡು ಇದೆಯಾ, ಇದ್ದರೂ ಸರಿಯಾದ ಕಡೆ ಹೋಗುತ್ತಾ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ದೊಡ್ಡ ಖರ್ಚಿಗೆ ಅಂತ ಎತ್ತಿಡುವ ಹಣಕ್ಕೆ ಸಿಂಕಿಂಗ್ ಫಂಡ್ ಅಂತಾರೆ. ಲಿಫ್ಟ್ ಬದಲಿಸೋದು, ಹೊರಗೋಡೆಗೆ ಬಣ್ಣ, ಪಂಪ್ ಬದಲಿಸೋದು, ಎಲ್ಲ ಅದರಲ್ಲಿ. ಆ ಡಬ್ಬಿ ಖಾಲಿ ಇರುವ ಕಡೆ ಮೇಂಟೆನೆನ್ಸ್ ಕಡಿಮೆ ಅಂತ ಖುಷಿಪಡಬೇಡಿ. ಪಂಪ್ ಸುಟ್ಟರೆ ಮಾಲೀಕರ ಸಭೆ ಕರೆದು, ಚಂದಾ ಎತ್ತಿ, ಕೊಟೇಷನ್ ತರಿಸುವವರೆಗೆ ನೀರಿಲ್ಲದೆ ಇರೋದು ಅಲ್ಲಿ ವಾಸವಿರುವ ಬಾಡಿಗೆದಾರ. ಸಭೆಯಲ್ಲಿ ಕೈ ಎತ್ತುವ ಮಾಲೀಕ ಬೇರೆ ಊರಲ್ಲಿ ಇರ್ತಾನೆ. ಬಾಡಿಗೆದಾರರಿಗೆ ಸಾಮಾನ್ಯವಾಗಿ ಮತ ಇಲ್ಲ. ನನಗೆ ಇದು ಸರಿ ಅನಿಸಿದ್ದೇ ಇಲ್ಲ, ಕಮಿಟಿಯಲ್ಲಿ ಇದ್ದಾಗಲೂ.

ನೀರಿನ ಬಿಲ್ ಮನೆಮನೆಗೆ ಮೀಟರ್ ಪ್ರಕಾರವಾ, ಇಲ್ಲ ಒಟ್ಟು ಬಿಲ್ ಹಂಚೋದಾ ಕೇಳಿ. ಹಂಚಿಕೆ ಆದರೆ ಪಕ್ಕದವರ ಸೋರುವ ಕಮೋಡಿಗೂ ನೀವು ದುಡ್ಡು ಕೊಡ್ತೀರಿ. ಮೀಟರ್ ಆದರೆ ನಿಮ್ಮ ಸೋರಿಕೆ ಪೂರ್ತಿ ನಿಮ್ಮ ತಲೆಗೆ. ಸೆಕೆಂಡಿಗೆ ಒಂದು ಹನಿ ಬೀಳುವ ನಲ್ಲಿಯಿಂದ ವರ್ಷಕ್ಕೆ ಸುಮಾರು 11,000 ಲೀಟರ್ ಹೋಗುತ್ತೆ. ಕಮೋಡ್ ಟ್ಯಾಂಕಿನಲ್ಲಿ ಎರಡು ಹನಿ ಬಣ್ಣ ಹಾಕಿ ಫ್ಲಷ್ ಮಾಡದೆ ಬಿಡಿ. ಸ್ವಲ್ಪ ಹೊತ್ತಿಗೆ ಬೋಗುಣಿಯಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ಹೋಗಿದೆ. ಸೇರುವ ದಿನವೇ ಈ ಪರೀಕ್ಷೆ ಮಾಡಿ, ರಬ್ಬರ್ ಮಾಲೀಕರ ಖರ್ಚಿನಲ್ಲಿ ಹಾಕಿಸಿ.

ದೂರು ಕೊಡುವಾಗ ಒಂದು ದೂರಿನಲ್ಲಿ ಒಂದೇ ವಿಷಯ ಬರೆಯಿರಿ. "ಲಿಫ್ಟ್ ಸದ್ದು, ಕಾರಿಡಾರ್ ಬಲ್ಬ್, ಸೆಕ್ಯೂರಿಟಿ ಒರಟು" ಅಂತ ಮೂರೂ ಸೇರಿಸಿ ಬರೆದರೆ ಬಲ್ಬ್ ಹಾಕಿ ದೂರು ಮುಗಿಯಿತು ಅಂತ ಮುಚ್ಚಿಬಿಡ್ತಾರೆ. ನಮ್ಮಲ್ಲೂ ಹುಡುಗರು ಹಾಗೇ ಮಾಡ್ತಿದ್ದರು. ಫೋಟೋ, ತಾರೀಖು, ದೂರಿನ ನಂಬರ್ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದರೂ ಆಮೇಲೆ ಎರಡು ಸಾಲು ಮೆಸೇಜ್ ಹಾಕಿ.

ವಾಪಸ್ ಬಿಡಿ ಮನೆಗೆ ಬಂದವರು

ಎಲ್ಲರೂ ಹೇಗೆ ಹೊಂದಿಕೊಳ್ಳೋದು ಅಂತಲೇ ಹೇಳ್ತಿದ್ದೀರಿ. ನಮಗೆ ಆಗಲಿಲ್ಲ. ಮನೆಗೆ ಯಾರು ಬಂದರೂ ಗೇಟಿನಿಂದ ಫೋನು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು. ಈಜುಕೊಳ ಮಾಲೀಕರಿಗೆ ಮಾತ್ರ, ಆದರೆ ಮೇಂಟೆನೆನ್ಸ್ ನಾವೇ ಕಟ್ಟಬೇಕು. ನೆಂಟರ ಗಾಡಿಗೆ ಜಾಗ ಇಲ್ಲ. ಕೆಲಸದವರಿಗೆ ಬೇರೆ ಲಿಫ್ಟ್ ಅಂತ ಬೋರ್ಡ್ ಹಾಕಿದ್ದರು, ಅದನ್ನು ದಿನಾ ನೋಡೋದೇ ನನಗೆ ಹಿಂಸೆ. ಬಾಡಿಗೆ ಕೊಡೋದೂ ನಾವೇ, ಒಳಗೆ ಹೋಗಲು ಅನುಮತಿ ಕೇಳೋದೂ ನಾವೇ. ಬಿಡಿ ಮನೆಯಲ್ಲಿ ಮೋಟರ್ ಕೆಟ್ಟರೆ ನಾನೇ ಓಡಾಡಬೇಕು, ನಿಜ. ಆದರೂ ಅದೇ ಮೇಲು.

ಕೊನೇ ಮಹಡಿಯವಳು

ಬೋರ್ಡ್ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಉಳಿದಿದ್ದಕ್ಕೆ ಒಂದು ಮಾತು. ಅದೇ ಗೇಟಿನ ಕಾಟದಿಂದಲೇ ನಾನು ಒಬ್ಬಳೇ ಇದ್ದಾಗ ನೆಮ್ಮದಿಯಾಗಿ ನಿದ್ದೆ ಮಾಡಿದ್ದು. ನಿಯಮ ಜಾಸ್ತಿ ಇರೋದು ತೊಂದರೆ ಅಲ್ಲ, ಸೇರಿದ ಮೇಲೆ ಒಂದೊಂದಾಗಿ ಗೊತ್ತಾಗೋದು ತೊಂದರೆ. ಅಡ್ವಾನ್ಸ್ ಕೊಡುವ ಮುಂಚೆಯೇ ನಿಯಮಗಳ ಪ್ರತಿ ಕೇಳಿ ತಗೊಳ್ಳಿ. ಅದರಲ್ಲಿ ಬಾಡಿಗೆದಾರರಿಗೆ ಬೇರೆ ನಿಯಮ ಏನಿದೆ, ದಂಡ ಏನಿದೆ ಅಂತ ಮೊದಲು ಓದಿ. ಕೊಡಲು ಹಿಂದೆಮುಂದೆ ನೋಡಿದರೆ ಅದೇ ಒಂದು ಉತ್ತರ.

ಮನೆ ಬದಲಿಸಿ ಪಳಗಿದವನು

ಅಡ್ವಾನ್ಸ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹೇಳ್ತೀನಿ.

ಕೀಲಿ ಕೈಗೆ ಬಂದ ದಿನ, ಸಾಮಾನು ಒಳಗೆ ಇಡುವ ಮುಂಚೆ, ಮನೆ ಪೂರ್ತಿ ವಿಡಿಯೋ ಮಾಡಿ. ಸುಮ್ನೆ ಕೋಣೆ ಸುತ್ತಿದರೆ ಪ್ರಯೋಜನ ಇಲ್ಲ. ಕಪಾಟಿನ ಬಾಗಿಲು ತೆರೆದು ಒಳಗೆ, ಸಿಂಕ್ ಕೆಳಗೆ, ಬಾಗಿಲ ಚೌಕಟ್ಟಿನ ಬುಡ, ಕಿಟಕಿ ಜಾಲರಿ, ಟೈಲ್ಸ್ ಬಿರುಕು, ಕಮೋಡಿನ ಹಿಂಭಾಗ, ಎಲ್ಲ ಹತ್ತಿರದಿಂದ. ಕರೆಂಟ್, ನೀರು, ಗ್ಯಾಸ್ ಮೀಟರಿನ ಅಂಕಿ ಕಾಣುವ ಹಾಗೆ ಫೋಟೋ. ಅದೇ ದಿನ ಮಾಲೀಕರಿಗೆ ಕಳಿಸಿ. ನಿಮ್ಮ ಫೋನಿನಲ್ಲೇ ಇಟ್ಟುಕೊಂಡರೆ ಆಮೇಲೆ "ಇದು ಯಾವಾಗಿನದೋ" ಅಂತಾರೆ. ಕಳಿಸಿದ್ದರೆ ತಾರೀಖು ತಾನಾಗಿ ಬೀಳುತ್ತೆ.

ಬಿಡುವಾಗ ಜಗಳ ಬರೋದು ಸವೆತಕ್ಕೂ ಹಾನಿಗೂ ವ್ಯತ್ಯಾಸ ಮಾಡದೆ ಹೋದಾಗ. ವರ್ಷಗಟ್ಟಲೆ ಇದ್ದರೆ ಗೋಡೆ ಬಣ್ಣ ಮಾಸುತ್ತೆ, ನೆಲದ ಹೊಳಪು ಹೋಗುತ್ತೆ. ಇದು ಸವೆತ, ಬಾಡಿಗೆ ಕೊಟ್ಟಿರೋದೇ ಅದಕ್ಕೆ. ಬಾಗಿಲಿಗೆ ತೂತು ಬಿದ್ದರೆ, ಸಿಂಕ್ ಒಡೆದರೆ ಅದು ಹಾನಿ. ಪೇಂಟಿಂಗಿಗೆ ಇಷ್ಟು ಹಿಡಿಯುತ್ತೇವೆ ಅಂತ ಅಗ್ರಿಮೆಂಟಿನಲ್ಲಿ ಮೊದಲೇ ಬರೆದಿದ್ದರೆ ಸಹಿ ಮಾಡುವ ಮುಂಚೆಯೇ ಚೌಕಾಸಿ ಮಾಡಿ, ಆಮೇಲೆ ಅಲ್ಲ.

ಕಾನೂನು ಎಲ್ಲ ಕಡೆ ಒಂದೇ ತರಹ ಇಲ್ಲ. ಇಂಗ್ಲೆಂಡಿನಲ್ಲಿ ಮಾಲೀಕರು ಸಾಮಾನ್ಯವಾಗಿ ಅಡ್ವಾನ್ಸ್ ಹಣವನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಒಂದು ರಕ್ಷಣಾ ಯೋಜನೆಗೆ ಒಪ್ಪಿಸಬೇಕು. ಜರ್ಮನಿಯಲ್ಲಿ ನೀರು, ಹೀಟಿಂಗ್ ಖರ್ಚು ಬಿಟ್ಟು ಬರೀ ಬಾಡಿಗೆಯ ಮೂರು ತಿಂಗಳ ಮೊತ್ತಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮನೆ ಬಿಟ್ಟ 21 ದಿನದೊಳಗೆ ಹಣ, ಹಿಡಿದುಕೊಂಡಿದ್ದರೆ ಅದರ ಲೆಕ್ಕ ಕೊಡಬೇಕು. ಭಾರತದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯ ಮಿತಿ ಹಾಕಿದೆ, ಮಾಲೀಕರು ಮನೆಯೊಳಗೆ ಬರಲು 24 ಗಂಟೆ ಮುಂಚೆ ತಿಳಿಸಬೇಕು ಅನ್ನುತ್ತೆ. ಆದರೆ ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ತನ್ನ ಕಾನೂನಿಗೆ ತಂದುಕೊಂಡಿದ್ದರೆ ಮಾತ್ರ ಲಾಗೂ. ಹಾಗಾಗಿ ನಿಮ್ಮ ಕಡೆ ಮೂರು ವಿಷಯ ತಿಳಿದುಕೊಳ್ಳಿ: ಅಡ್ವಾನ್ಸಿಗೆ ಮಿತಿ ಇದೆಯಾ, ಎಷ್ಟು ದಿನದಲ್ಲಿ ವಾಪಸ್ ಕೊಡಬೇಕು, ಹೇಳದೆ ಮನೆಯೊಳಗೆ ಬರಬಹುದಾ.

ಕಾಂಪ್ಲೆಕ್ಸಿನಲ್ಲಿ ಮಾತ್ರ ಇರುವ ಇನ್ನೊಂದು ಗಂಟು ಇದೆ. ಮನೆ ಬಿಡುವ ದಿನ ಆಫೀಸಿನಿಂದ ಬಾಕಿ ಇಲ್ಲ ಅಂತ ಚೀಟಿ ಬೇಕು. ಮೇಂಟೆನೆನ್ಸ್ ಮಾಲೀಕರು ಕಟ್ಟುವ ಕರಾರಾಗಿದ್ದು, ಅವರು ಬಾಕಿ ಇಟ್ಟಿದ್ದರೆ ಸಾಮಾನು ತುಂಬಿದ ಲಾರಿಯನ್ನು ಗೇಟಿನಲ್ಲೇ ನಿಲ್ಲಿಸ್ತಾರೆ. ನನ್ನ ಗೆಳೆಯನಿಗೆ ಆಗಿದ್ದು ಇದೇ. ಲಾರಿಯವನು ಕಾಯುವ ಚಾರ್ಜ್ ಕೇಳ್ತಾ ನಿಂತಿದ್ದ, ಮಾಲೀಕರ ಫೋನ್ ಸ್ವಿಚ್ ಆಫ್. ಖಾಲಿ ಮಾಡುವ ಒಂದು ವಾರ ಮುಂಚೆಯೇ ಆಫೀಸಿಗೆ ಹೋಗಿ ಬಾಕಿ ಕೇಳಿ, ಸಾಮಾನು ಸಾಗಿಸುವ ಲಿಫ್ಟ್ ಬುಕ್ ಮಾಡಿ. ಗೇಟಿನ ಕಾರ್ಡು, ಕೀಲಿ ಕೊಟ್ಟದ್ದಕ್ಕೂ ಸಹಿ ಹಾಕಿಸಿಕೊಳ್ಳಿ.

ಮೂಲೆ ಮನೆ

ಮೂರು ಸಣ್ಣ ವಿಷಯ.

ಜಿರಲೆ ಬಂದರೆ ನಿಮ್ಮ ಒಬ್ಬರ ಮನೆಗೆ ಔಷಧಿ ಹೊಡೆಸಿ ಉಪಯೋಗ ಇಲ್ಲ. ಅಡುಗೆಮನೆಯ ಸಣ್ಣ ಕಂದು ಜಿರಲೆಯ ಒಂದು ಮೊಟ್ಟೆಚೀಲದಲ್ಲಿ 30ರಿಂದ 40 ಮರಿ ಇರುತ್ತವೆ, ಪೈಪಿನ ದಾರಿಯಲ್ಲಿ ಮನೆಯಿಂದ ಮನೆಗೆ ಹೋಗ್ತವೆ. ಮೇಲೆ, ಕೆಳಗೆ, ಪಕ್ಕದ ಮನೆಗಳಿಗೂ ಒಟ್ಟಿಗೆ ಮಾಡಿಸಲು ಆಫೀಸಿಗೆ ಹೇಳಿ. ಸ್ಪ್ರೇಗಿಂತ ಜೆಲ್ ಒಳ್ಳೇದು. ಸಿಂಕ್ ಕೆಳಗೆ ಪೈಪಿನ ಸುತ್ತ ಇರುವ ತೂತು ಮುಚ್ಚಿಸಿ.

ಖಾಲಿ ಇದ್ದ ಮನೆಗೆ ಹೋದಾಗ ಬಚ್ಚಲಿನಿಂದ ಚರಂಡಿ ವಾಸನೆ ಬಂದರೆ ಹೆಚ್ಚಿನ ಸಲ ಜಾಲಿ ಕೆಳಗಿನ ಬಾಗಿದ ಪೈಪಿನಲ್ಲಿ ನಿಲ್ಲಬೇಕಾದ ನೀರು ಒಣಗಿರುತ್ತೆ. ಆ ನೀರೇ ವಾಸನೆ ತಡೆಯೋದು. ಒಂದು ಬಕೆಟ್ ನೀರು ಸುರಿದು ಒಂದೆರಡು ಗಂಟೆ ಬಿಟ್ಟು ನೋಡಿ. ಆಗಲೂ ಬಂದರೆ ಪ್ಲಂಬರ್ ಕರೆಸಿ.

ಬೂಷ್ಟು. ಮೂಲೆ ಮನೆಗೆ ಎರಡು ಹೊರಗೋಡೆ, ನನಗೆ ಇದರ ಕಾಟ ಚೆನ್ನಾಗಿ ಗೊತ್ತು. ಒದ್ದೆಯಾದದ್ದನ್ನು 24ರಿಂದ 48 ಗಂಟೆಯೊಳಗೆ ಒಣಗಿಸದಿದ್ದರೆ ಬೂಷ್ಟು ಶುರುವಾಗುತ್ತೆ. ಕಪಾಟನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ಒಂದು ಕೈಯಗಲ ಗಾಳಿಯಾಡಲಿ. ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಮುಂದೆ ತೆಳು ಕಾಗದ ಹಿಡಿದು ನೋಡಿ. ಕಾಗದ ಅಂಟಿಕೊಳ್ಳದಿದ್ದರೆ ಫ್ಯಾನ್ ಸದ್ದು ಮಾತ್ರ ಮಾಡ್ತಿದೆ. ಗೋಡೆಯೇ ಹೊರಗಿನಿಂದ ನೀರು ಹೀರುತ್ತಿದ್ದರೆ ಒಳಗೆ ಎಷ್ಟು ಬಣ್ಣ ಬಳಿದರೂ ನಿಲ್ಲೋದಿಲ್ಲ, ಅದು ಅಸೋಸಿಯೇಷನ್ ಮಾಡಿಸಬೇಕಾದ ಕೆಲಸ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಮತ್ತೆ ಹೋಗಿದ್ದೆ. ಕೊನೇ ಮಹಡಿಯ ಸೀಲಿಂಗ್ ಮುಟ್ಟಿದೆ, ಬೆಚ್ಚಗಿತ್ತು. ಎರಡು ನಲ್ಲಿ ಬಿಟ್ಟ ಕೂಡಲೇ ಶವರ್ ದಾರದಷ್ಟು ಸಣ್ಣಗಾಯಿತು. ಪ್ರೆಷರ್ ಪಂಪ್ "ಬರುತ್ತೆ" ಅಂತಿದ್ದಾರೆ. ಎರಡನೇ ಮಹಡಿಯ ದೊಡ್ಡ ಕೋಣೆ ಲಿಫ್ಟಿಗೆ ಅಂಟಿಲ್ಲ, ಚಿಕ್ಕ ಕೋಣೆ ಅಂಟಿದೆ. ಹಿಂದಿನ ಮೆಟ್ಟಿಲಲ್ಲಿ ಇಳಿದೆ. ಬಲ್ಬು ಉರಿಯುತ್ತಿವೆ, ಸಿಲಿಂಡರ್ ಮುಳ್ಳು ಹಸಿರಲ್ಲಿದೆ, ಒಂದು ಮಹಡಿಯಲ್ಲಿ ಮಾತ್ರ ಹಳೇ ಸೋಫಾ ಇಟ್ಟಿದ್ದಾರೆ. ಮನೆ ಬೇರೆ ಬೇರೆ ಮಾಲೀಕರದ್ದು, ಅಸೋಸಿಯೇಷನ್ ಇದೆ. ಎರಡನೇ ಮಹಡಿಯೇ ಅಂತ ಮನಸ್ಸಾಗಿದೆ.

ಒಂದು ಸಂಶಯ ಉಳಿದಿದೆ. ಅಗ್ರಿಮೆಂಟಿನ ಕರಡಿನಲ್ಲಿ "ಅಸೋಸಿಯೇಷನ್ ಕಾಲಕಾಲಕ್ಕೆ ಮಾಡುವ ಎಲ್ಲ ನಿಯಮ, ಶುಲ್ಕಗಳಿಗೆ ಬಾಡಿಗೆದಾರರು ಬದ್ಧರು" ಅಂತ ಇದೆ. ಮಾಲೀಕರು ವಿದೇಶದಲ್ಲಿ ಇದ್ದಾರೆ. ಇದಕ್ಕೆ ಸಹಿ ಮಾಡಬಹುದಾ?

ಕಮಿಟಿಯಲ್ಲಿದ್ದವನು

ಆ ಸಾಲು ಎಲ್ಲ ಕಡೆ ಇರುತ್ತೆ, ತೆಗೆಸಲು ಆಗೋದಿಲ್ಲ. ಆದರೆ "ನಿಯಮ" ಇರಲಿ, "ಶುಲ್ಕ" ಬೇರೆ ಮಾಡಿಸಿ. ತಿಂಗಳ ಮೇಂಟೆನೆನ್ಸ್ ಯಾರು ಕಟ್ಟೋದು, ಅವಧಿ ನಡುವೆ ಏರಿದರೆ ಏರಿದ್ದು ಯಾರ ತಲೆಗೆ, ಬಿಡಿಸಿ ಬರೆಸಿ. ಲಿಫ್ಟ್ ಬದಲಿಸೋದು, ಹೊರಗೋಡೆ ಬಣ್ಣದಂಥ ದೊಡ್ಡ ವಂತಿಗೆ ಪೂರ್ತಿ ಮಾಲೀಕರದ್ದು ಅಂತ ಸ್ಪಷ್ಟವಾಗಿ ಇರಬೇಕು. ಆಸ್ತಿ ಅವರದ್ದು, ಅದರ ಬೆಲೆ ಏರೋದೂ ಅವರಿಗೇ.

ಹಳೇ ಬಾಡಿಗೆದಾರ

ಮಾಲೀಕರು ವಿದೇಶದಲ್ಲಿ ಇದ್ದರೆ ಇನ್ನೆರಡು ಸಾಲು ಸೇರಿಸಿ. ಒಂದು, ಇಲ್ಲಿ ಅವರ ಪರವಾಗಿ ನಿರ್ಧಾರ ಮಾಡುವವರು ಯಾರು, ಅವರ ಫೋನ್ ನಂಬರ್. ಎರಡು, ನೀರು ಸೋರಿಕೆ, ಕರೆಂಟ್ ತೊಂದರೆಯಂಥ ತುರ್ತು ರಿಪೇರಿಗೆ ಇಷ್ಟು ಮೊತ್ತದವರೆಗೆ ನೀವೇ ಮಾಡಿಸಿ, ರಸೀದಿ ಕೊಟ್ಟು ಮುಂದಿನ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು ಅಂತ. ಅಲ್ಲಿ ನಡುರಾತ್ರಿ ಆಗಿರುವಾಗ ಇಲ್ಲಿ ಪೈಪ್ ಒಡೆದರೆ ಯಾರನ್ನು ಎಬ್ಬಿಸ್ತೀರಿ? ಮತ್ತೆ, ಮನೆಗೆ ಬರುವ ಮುಖ್ಯ ನೀರಿನ ವಾಲ್ವ್ ಎಲ್ಲಿದೆ ಅಂತ ಮೊದಲ ದಿನವೇ ನೋಡಿಕೊಂಡು, ಒಂದು ಸಲ ತಿರುಗಿಸಿ ನೋಡಿ. ಎಷ್ಟೋ ಕಡೆ ಅದು ತುಕ್ಕು ಹಿಡಿದು ಕೂತಿರುತ್ತೆ.

ರಾತ್ರಿ ಪಾಳಿ

ಲಿಫ್ಟಿಗೆ ಅಂಟಿದ ಆ ಚಿಕ್ಕ ಕೋಣೆಯಲ್ಲಿ ಮಗುವನ್ನು ಮಲಗಿಸಬೇಡಿ. ಆ ಗೋಡೆಗೆ ಬಟ್ಟೆ ಕಪಾಟು, ಪುಸ್ತಕದ ಕಪಾಟು ಇಡಿ, ಮಂಚ ಎದುರು ಗೋಡೆಗೆ ಇರಲಿ. ಸೋಫಾ ಇರುವ ಮಹಡಿ ಯಾವುದು ಅಂತ ಆಫೀಸಿಗೆ ಒಂದು ಮೆಸೇಜ್ ಹಾಕಿ, ಸೇರುವ ಮುಂಚೆಯೇ. ಎಷ್ಟು ದಿನದಲ್ಲಿ ತೆಗೆಸ್ತಾರೆ ನೋಡೋಣ.